ಜೊತೆಗೇ ಬಂದ ದನಿ

ಅಕ್ಕನ ಹೊಸ ಕಂಪ್ಯೂಟರು ತಾನಾಗಿಯೇ ಗಟ್ಟಿಯಾಗಿ ಓದತೊಡಗಿದಾಗ, ತನ್ನ ತಂತ್ರಾಂಶ ಹಾಕಲು ಹೊರಟಿದ್ದ ತಮ್ಮನ ಕೈ ಹಾಗೇ ನಿಂತುಬಿಟ್ಟಿತು. ಕಣ್ಣು ಕಾಣದ ಅಕ್ಕನಿಗೆಂದು, ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವನ್ನು ಅವನು ಹನ್ನೆರಡು ವರ್ಷ ತಿದ್ದಿ ತೀಡಿ ಬೆಳೆಸಿದ್ದ. ಅದನ್ನೇ ಮಾರಿ ಬದುಕುತ್ತಿದ್ದ. ಈಗ ಅಂಥದ್ದೇ ದನಿ ಯಂತ್ರದ ಜೊತೆಗೇ ಬಿಟ್ಟಿಯಾಗಿ ಬಂದಿತ್ತು.

ಟೀಚರಾಗಿದ್ದ ಅಕ್ಕ ನಾಳೆಯ ಪಾಠವನ್ನು ಅದರ ಬಾಯಿಂದ ಒಂದು ಪುಟ ಪೂರ್ತಿ ಕೇಳಿದಳು. "ಚೆನ್ನಾಗೇ ಓದುತ್ತೆ ಕಣೋ. ಕಾಸಿಲ್ಲದವರಿಗೂ ಸಿಗುತ್ತಲ್ಲ, ಒಳ್ಳೇದಾಯ್ತು."

"ಹೌದಕ್ಕಾ. ಇನ್ನು ನಂದನ್ನ ಯಾರು ಕೊಳ್ತಾರೆ? ಅಂಗಡಿ ಮುಚ್ಚೋದೇ. ನೀನೂ ಇದನ್ನೇ ಇಟ್ಕೋ."

ಮುಂದಿನ ಸಾಲಿನ 'ಹಕ್ಕಿ ಹಾರಿತು' ಎಂಬುದನ್ನು ಆ ದನಿ 'ಅಕ್ಕಿ ಹಾರಿತು' ಎಂದು ಓದಿತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅಕ್ಕ ತಡಕಾಡಿ ತಮ್ಮನ ಕಿವಿ ಹಿಡಿದಳು.

"ನಿಂದು ತಪ್ಪು ಓದಿದ್ರೆ ಈ ಕಿವಿ ಹಿಂಡ್ತಿದ್ದೆ, ಮಾರನೇ ದಿನವೇ ಸರಿಹೋಗ್ತಿತ್ತು. ಇದು ತಪ್ಪಿದ್ರೆ ಯಾರ ಕಿವಿ ಹಿಂಡ್ಲೋ? ಹಾಕು, ನಿಂದನ್ನೂ ಹಾಕು."

ಅವಳು ಕಿವಿ ಬಿಡಲಿಲ್ಲ. ಅವನು ತಲೆ ವಾಲಿಸಿಕೊಂಡೇ ಹಾಕತೊಡಗಿದ.