ಎರಡು ಹಡಗು, ಹದಿನೆಂಟು ಕೋಣೆ

ಬಿಳಿ ಹಡಗಿನಲ್ಲಿ ಜಾರುಬಂಡೆ ಏಳು, ನೀಲಿ ಹಡಗಿನಲ್ಲಿ ಎರಡೇ. ಬಿಳಿಯದರಲ್ಲಿ ಈಜುಕೊಳ ಐದು, ನೀಲಿಯದರಲ್ಲಿ ಮೂರು. ಪ್ರವಾಸ ಕಚೇರಿಯ ಹುಡುಗಿ ಎರಡರ ಚಿತ್ರಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿ, ಎರಡೂ ಕಡೆಯ ವಕಾಲತ್ತನ್ನು ಒಬ್ಬಳೇ ವಹಿಸಿಕೊಂಡವಳಂತೆ ವಾದಿಸುತ್ತಿದ್ದಳು. ಎದುರಿಗೆ ಕೂತ ಬಸ್ ಡ್ರೈವರು ಮಾತ್ರ ತನ್ನ ಚೀಟಿಯಲ್ಲಿ ಬೇರೆಯೇ ಸಂಗತಿಗಳನ್ನು ಗುರುತು ಹಾಕಿಕೊಳ್ಳುತ್ತಿದ್ದ. ಬಾಗಿಲು ಎಷ್ಟು, ಮಲಗುವ ಕೋಣೆಯಿಂದ ಊಟದ ಹಾಲಿಗೆ ಎಷ್ಟು ದೂರ, ಇಷ್ಟುದ್ದದ ಗಾಡಿ ತಿರುಗುವಾಗ ಅದರ ಹಿಂಭಾಗ ಎಷ್ಟು ಅಗಲಕ್ಕೆ ಬೀಸುತ್ತದೆ. ಕೊನೆಯ ಪ್ರಶ್ನೆಗೆ ಹುಡುಗಿ ತಬ್ಬಿಬ್ಬಾದಳು. ಆದರೆ ನೀಲಿ ಹಡಗಿನಲ್ಲಿ ಗಾಜಿನ ಗೋಡೆಯ ಈಚೆ ನಿಂತು ಕಪ್ತಾನ ಹಡಗು ನಡೆಸುವುದನ್ನು ನೋಡಬಹುದು ಎಂದಳು. ಅಷ್ಟು ಕೇಳಿದ್ದೇ ಡ್ರೈವರನ ಮನಸ್ಸು ಪೂರಾ ನೀಲಿಯ ಕಡೆ ವಾಲಿತು.

ವಾಲಬೇಕಾದ ಇನ್ನೊಂದು ಮನಸ್ಸು ಪಕ್ಕದ ಕುರ್ಚಿಯಲ್ಲಿ ಸೆಟೆದು ಕೂತಿತ್ತು. ಅವನ ಹೆಂಡತಿಗೆ ಆಸ್ಪತ್ರೆಯ ವಾರ್ಡುಗಳಲ್ಲಿ ಹಾಸಿಗೆ ಬದಲಿಸುವ ಕೆಲಸ. ಒಬ್ಬರ ಪಾಲಿಗೆ ದಿನಕ್ಕೆ ಹದಿನಾಲ್ಕು ಹಾಸಿಗೆ, ಅದರ ಮೇಲೆ ಒಂದೂ ಇಲ್ಲ ಎಂದು ನಾಲ್ಕು ದಿನ ಗೇಟಿನ ಮುಂದೆ ಎಲ್ಲರನ್ನೂ ಮುಷ್ಕರಕ್ಕೆ ಕೂರಿಸಿ ಗೆದ್ದವಳು. ಅಂದಿನಿಂದ ದೊಡ್ಡ ಡಾಕ್ಟರೂ ಅವಳನ್ನು ಸಂಘದಕ್ಕ ಎಂದೇ ಕರೆಯುತ್ತಿದ್ದರು. ವಾರ್ಡಿನ ರಜೆ ಪಟ್ಟಿಗೆ ಹೆಸರು ಬರೆಸುವ ಗಡುವು ನಾಳೆ ಬೆಳಗ್ಗೆ ಮುಗಿಯುತ್ತಿತ್ತು. ಇವತ್ತು ಹಡಗು ಗೊತ್ತುಮಾಡದಿದ್ದರೆ ಅವಳ ರಜೆಯ ವಾರ ಇನ್ನೊಬ್ಬರ ಪಾಲು. ಎರಡು ವರ್ಷ ಹೀಗೇ ಕೈತಪ್ಪಿತ್ತು. ಏಳು ದಿನ ಇವಳು ಕಾಲು ಚಾಚಿಕೊಂಡು ಸುಮ್ಮನೆ ಕೂತದ್ದನ್ನು ಕಣ್ಣಾರೆ ನೋಡಬೇಕು, ಡ್ರೈವರಿಗೆ ಇದ್ದದ್ದು ಇದೊಂದೇ ಆಸೆ. ಹಿಂದೊಮ್ಮೆ ಅಣ್ಣನ ಮಗಳ ಮದುವೆಗೆಂದು ಹೋಟೆಲಿನಲ್ಲಿ ಉಳಿದಾಗ ಆಕೆ ಎದ್ದವಳೇ ಹಾಸಿಗೆ ಸರಿಮಾಡಿ, ಕಸ ಗುಡಿಸಿ, ಬಾಗಿಲಿಗೆ ಬಂದ ಕೆಲಸದವಳನ್ನು ಒಳಗೆ ಕೂರಿಸಿ ಅರ್ಧ ಗಂಟೆ ಸಂಬಳ, ರಜೆ ವಿಚಾರಿಸಿದ್ದಳು. ಮುಹೂರ್ತ ಮುಗಿದ ಮೇಲೆ ಮದುವೆ ಮನೆಗೆ ತಲುಪಿದ್ದರು.

ಹುಡುಗಿ ಈಗ ಕೋಣೆಗಳ ಚಿತ್ರ ತೆಗೆದಳು. ಎರಡೂ ಹಡಗಿನಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಸಿಗೆ ಹಾಸುತ್ತಾರಂತೆ. ನೀವು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಎಲ್ಲ ಥಳಥಳ. ಯಾರು ಬಂದರು, ಯಾವಾಗ ಮಾಡಿದರು ಎಂಬುದು ನಿಮ್ಮ ಕಣ್ಣಿಗೇ ಬೀಳುವುದಿಲ್ಲವಂತೆ.

ಡ್ರೈವರು ಮೇಜಿನ ಕೆಳಗೆ ಹೆಂಡತಿಯ ಕಾಲು ಮೆಲ್ಲಗೆ ಒತ್ತಿದ. ತಡವಾಗಿತ್ತು.

"ಕಣ್ಣಿಗೆ ಬೀಳದ ಹಾಗೆ ಕೆಲಸ ಮಾಡೋದು ಎಷ್ಟು ಕಷ್ಟ ಅಂತ ಗೊತ್ತೇನಮ್ಮ? ಮಾಡೋದೂ ಮಾಡಬೇಕು, ಬಚ್ಚಿಟ್ಟುಕೊಳ್ಳಲೂ ಬೇಕು," ಎಂದಳು ಸಂಘದಕ್ಕ. "ಒಬ್ಬರಿಗೆ ಎಷ್ಟು ಕೋಣೆ?"

ಚಿತ್ರಗಳ ಹಿಂದೆ ಮುಂದೆ ಎಲ್ಲಿ ಹುಡುಕಿದರೂ ಅದು ಇರಲಿಲ್ಲ. ಐಸ್‌ಕ್ರೀಮು ಎಷ್ಟು ಬಗೆ ಎಂದಿತ್ತು, ದೀಪ ಎಷ್ಟು ಎಂದೂ ಇತ್ತು. ಹುಡುಗಿ ಬಿಳಿ ಹಡಗಿನವರಿಗೆ ಫೋನು ಹಚ್ಚಿದಳು. ಇಂಥದ್ದನ್ನು ಇದುವರೆಗೆ ಯಾರೂ ಕೇಳಿಲ್ಲ ಎಂದು ಅಲ್ಲಿಯವನು ಸಂಗೀತ ಹಾಕಿಟ್ಟು ಹೋದ. ಮೂವರೂ ಹನ್ನೊಂದು ನಿಮಿಷ ಪಿಟೀಲು ಕೇಳಿದರು. ಅಷ್ಟರಲ್ಲಿ ಡ್ರೈವರು ಮನಸ್ಸಿನಲ್ಲೇ ರಜೆಯನ್ನು ಅರ್ಧ ಮಣ್ಣು ಮಾಡಿ ಮುಗಿಸಿದ್ದ. ಕೊನೆಗೆ ಉತ್ತರ ಬಂತು: ಹದಿನೆಂಟು, ದಿನಕ್ಕೆ ಎರಡು ಸಲ, ವಾರದ ರಜೆ ಇಲ್ಲ. ನೀಲಿ ಹಡಗಿನವರಿಗೂ ಫೋನು ಹೋಯಿತು. ಅಲ್ಲಿ ಪಿಟೀಲಿನ ಬದಲು ಪಿಯಾನೊ ಇತ್ತು. ಉತ್ತರ ಮಾತ್ರ ಹದಿನೆಂಟೇ. ಜಾರುಬಂಡೆಯಿಂದ ಹಿಡಿದು ಚಮಚದವರೆಗೆ ಒಂದಕ್ಕೊಂದು ಪೈಪೋಟಿಗೆ ಬಿದ್ದಿದ್ದ ಎರಡು ಹಡಗುಗಳು ಈ ಒಂದು ಸಾಲಿನಲ್ಲಿ ಅಣ್ಣತಮ್ಮಂದಿರಾಗಿಬಿಟ್ಟವು.

ಡ್ರೈವರು ತನ್ನ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಹೋಗೋಣ ನಡಿ, ಮನೇಲೇ ಇರೋಣ ಎಂದ. ಮುಖ ಮಾತ್ರ ನಿಲ್ದಾಣದಲ್ಲಿ ಬಸ್ಸು ತಪ್ಪಿಸಿಕೊಂಡ ಪ್ರಯಾಣಿಕನದಾಗಿತ್ತು. ಸಂಘದಕ್ಕ ಆ ಮುಖವನ್ನು ಒಂದು ಗಳಿಗೆ ನೋಡಿದಳು.

"ಮನೇಲಿ ಕೂತರೆ ಅವರಿಗೆ ಹದಿನೇಳು ಆಗುತ್ತೇನ್ರೀ? ನಮ್ಮ ಜಾಗಕ್ಕೆ ಇನ್ಯಾರೋ ಬರ್ತಾರೆ," ಎಂದಳು. "ಆ ಕಪ್ತಾನನ್ನ ನೋಡಬಹುದು ಅಂದಳಲ್ಲ, ಅದನ್ನೇ ಬರೆಸಿ. ಆದರೆ ನಮ್ಮ ಹಾಸಿಗೇನ ಯಾರೂ ಮುಟ್ಟಬಾರದು. ಸಂಜೆ ಹಾಸಿಗೆ ಹಾಸೋ ಆ ಮನುಷ್ಯ ಬರಲಿ, ನಮ್ಮ ಬಾಲ್ಕನೀಲಿ ಕೂತು ಸಮುದ್ರ ನೋಡಿಕೊಂಡು ಹೋಗಲಿ."

ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ ಕೈಚೆಲ್ಲಿದಳು. ವಿಶೇಷ ಕೋರಿಕೆ ಎಂಬಲ್ಲಿ ಮೂರೇ ಖಾನೆ. ಗಾಲಿಕುರ್ಚಿ, ಹುಟ್ಟುಹಬ್ಬ, ಅಲರ್ಜಿ. ಬೇಡ ಎಂದರೂ ಕೋಣೆಗೆ ಹೋಗಿ ಕೆಲಸ ಮಾಡಲೇಬೇಕು ಅಂತ ಅಲ್ಲಿಯವರಿಗೆ ಹುಕುಂ ಇದೆಯಂತೆ.

"ಅಲರ್ಜಿ ಅಂತ ಹಾಕಮ್ಮ," ಎಂದ ಡ್ರೈವರು, ಜೀವ ಬಂದವನಂತೆ ಕುರ್ಚಿ ಮುಂದೆಳೆದುಕೊಂಡು. "ಅದಕ್ಕೆ ಯಾರೂ ಎದುರು ಮಾತಾಡಲ್ಲ."

"ಯಾವುದರ ಅಲರ್ಜಿ ಅಂತ ಬರೀಲಿ ಸಾರ್?"

"ಇನ್ನೊಬ್ಬರ ಬೆನ್ನು ಮುರಿದು ಹಾಸಿದ ಹಾಸಿಗೆ," ಎಂದಳು ಸಂಘದಕ್ಕ.

ಹುಡುಗಿ ನಗಲಿಲ್ಲ. ಒಂದಕ್ಷರ ಬಿಡದೆ ಹೊಡೆದಳು. ಮುಂದಿನ ಖಾನೆ ತೆರೆದುಕೊಂಡಿತು. ಲಕ್ಷಣಗಳೇನು?

"ಮೈ ಉರಿ," ಎಂದ ಡ್ರೈವರು. "ಆಮೇಲೆ ಘೋಷಣೆ ಕೂಗ್ತಾಳೆ."

ಅದೂ ಹೋಯಿತು. ಕೊನೆಯ ಖಾನೆಗೆ ಬಂದಾಗ ಹುಡುಗಿಯ ಬೆರಳು ನಿಂತಿತು. "ಮೇಡಂ, ಇದು ಹಡಗಿನಲ್ಲಿ ಬೇರೆಯವರಿಗೆ ಹರಡುತ್ತಾ ಅಂತ ಕೇಳ್ತಿದೆ."

ಸಂಘದಕ್ಕ ಮೊದಲ ಸಲ ಕುರ್ಚಿಗೆ ಒರಗಿ ಕಾಲು ಚಾಚಿದಳು.

"ಹೌದು ಅಂತ ಒತ್ತಮ್ಮ."