ಮೂರನೇ ಬೆಡ್‌ನವನ ಅಭಿಪ್ರಾಯ

ಗಂಡನ ಅಂತ್ಯಸಂಸ್ಕಾರದ ಮರುದಿನ ಬೆಳಿಗ್ಗೆ, ಎಂದಿನಂತೆ ಹಲ್ಲುಜ್ಜಿ ತಲೆ ಬಾಚಿಕೊಂಡು ಅವಳು ಆಸ್ಪತ್ರೆಯ ವಾರ್ಡಿಗೆ ಬಂದಳು. ಅವನು ಪಕ್ಕದ ಬೆಡ್‌ನ ಲಾರಿ ಡ್ರೈವರನಿಂದ ಎರವಲು ಪಡೆದಿದ್ದ ಇಯರ್‌ಫೋನ್ ಕೈಯಲ್ಲಿತ್ತು. ಮನೆಯಿಂದ ಹೊರಡುವಾಗ ನಾದಿನಿ ಯಾರಿಗೋ ಹೇಳುತ್ತಿದ್ದಳು: "ಒಂದು ಹನಿ ಕಣ್ಣೀರಿಲ್ಲ ನೋಡಿ. ಕಲ್ಲು ಬಿಡಿ, ಕಲ್ಲು." ಅದು ನಿಜವಿರಬಹುದೆಂದು ಅವಳಿಗೇ ಭಯವಾಗಿತ್ತು.

"ಬಾ ತಂಗಿ," ಎಂದ ಡ್ರೈವರ್. "ಕೊನೇ ಸಂಜೆ ನಿನ್ ಗಂಡ, ನಾನು ಇದನ್ನೇ ಒಂದೊಂದು ಕಿವಿಗೆ ಸಿಕ್ಕಿಸ್ಕೊಂಡು ಆ ಬಾಹ್ಯಾಕಾಶದ ಸೀರಿಯಲ್ ನೋಡಿದ್ವಿ. ಕ್ಯಾಪ್ಟನ್ ಸಾಯ್ತಾನೆ, ಹೆಂಡ್ತಿ ಅಳೋದೇ ಇಲ್ಲ. ಸುಮ್ನೆ ನೌಕೆಯ ಕಿಟಕಿ ಒರೆಸ್ತಾ ಕೂರ್ತಾಳೆ. ಜನ ಏನೇನು ಬರ್ದಿದಾರೆ ನೋಡು."

ಅವನು ಫೋನ್ ಚಾಚಿದ. 'ಇವಳೇನು ಹೆಂಡ್ತಿನೋ, ರೋಬೋಟೋ?' 'ಗ್ಲಿಸರಿನ್‌ಗೂ ಬಜೆಟ್ ಇರ್ಲಿಲ್ವಾ?' ಇನ್ನೂರು ಜನ ನಕ್ಕಿದ್ದರು. ಅದರ ಕೆಳಗೆ 'ಮೂರನೇ ಬೆಡ್' ಎಂಬ ಹೆಸರಿನಲ್ಲಿ ಗಂಡ ಬರೆದಿದ್ದ: 'ಸರಿಯಾಗೇ ತೋರಿಸಿದ್ದಾರೆ. ನನ್ನವಳೂ ಹೀಗೇ. ಅವಳಪ್ಪ ಹೋದಾಗ ಎರಡು ವಾರ ಅಳಲಿಲ್ಲ. ಆಮೇಲೊಂದು ದಿನ ಅವರ ಚಪ್ಪಲಿ ನೋಡಿ ಅತ್ತಳು. ಅಂಥವಳನ್ನು ಯಾರೂ ಅವಸರಪಡಿಸಬೇಡಿ.'

ಅವಳು ಎರಡು ಸಲ ಓದಿದಳು. ಇಯರ್‌ಫೋನ್ ಹಿಂದಿರುಗಿಸಿದಾಗ ಅದು ಒದ್ದೆಯಾಗಿತ್ತು. ಡ್ರೈವರ್ ಅದನ್ನು ಹೊದಿಕೆಗೆ ಒರೆಸಿ, ದಿಂಬಿನ ಕೆಳಗೆ ಇಟ್ಟುಕೊಂಡ.