ಹಸಿರು ಚೌಕ

ಸ್ಟುಡಿಯೋ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಮುನಿವೆಂಕಟಪ್ಪ, ತನ್ನ ಹೆಂಡತಿಯ ಫೋಟೋ ಬೇಕಿತ್ತು ಅಂದ. ಹೊಸದಾಗಿ ತೆಗೆಯುವುದಲ್ಲ, ತೆಗೆದಾಗಿರುವುದು. ಕೌಂಟರಿನ ಹಿಂದೆ ಕೂತು ಕ್ಯಾಮೆರಾದ ಲೆನ್ಸು ಒರೆಸುತ್ತಿದ್ದ ಬೈರೇಶನಿಗೆ ಆಳಿನ ಗುರುತು ಹತ್ತಲಿಲ್ಲ. ಯಾವ ಮದುವೆ, ಹೆಣ್ಣಿನ ಕಡೆಯೋ ಗಂಡಿನ ಕಡೆಯೋ ಎಂದು ಕೇಳಿದ.

"ಯಾವ ಕಡೆಯೂ ಅಲ್ಲ ಸ್ವಾಮಿ. ಮಾಕಳಿ ಹತ್ರ ಛತ್ರದಲ್ಲಿ ಪಾತ್ರೆ ತೊಳೆಯೋಕೆ ಬಂದಿದ್ಲು, ಅಶ್ವತ್ಥಮ್ಮ ಅಂತ. ಎಡಗಡೆ ಮುಖ ಬೆಂದಿತ್ತಲ್ಲ, ಅವಳು."

ಅಷ್ಟು ಹೇಳಿದ ಮೇಲೆ ಬೈರೇಶನಿಗೆ ನೆನಪಾಗದೆ ಇರಲಿಲ್ಲ. ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟ. ಮುನಿವೆಂಕಟಪ್ಪ ನಿಂತುಕೊಂಡೇ ವಿಷಯ ಹೇಳಿದ. ಹೋದ ವಾರ ಹಸುವಿಗೆ ಮೇವು ಹಿರಿಯುವಾಗ ಬಣವೆಯಲ್ಲಿದ್ದ ಹಾವು ಅವಳ ಕೈಗೆ ಕಚ್ಚಿತ್ತು. ದೊಡ್ಡಬಳ್ಳಾಪುರದ ಆಸ್ಪತ್ರೆ ತಲುಪುವ ಹೊತ್ತಿಗೆ ಮಾತು ನಿಂತಿತ್ತು. ಗುರುವಾರ ಹನ್ನೊಂದನೇ ದಿನದ ಕಾರ್ಯ, ಎಡೆ ಇಡುವುದಕ್ಕೆ ಎದುರಿಗೊಂದು ಮುಖ ಬೇಕು. ಅವಳು ಯಾರಿಗೂ ಫೋಟೋ ಕೊಟ್ಟವಳಲ್ಲ. ಹುಡುಗಿಯಾಗಿದ್ದಾಗ ಮುದ್ದೆಯ ಎಸರು ಚೆಲ್ಲಿ ಕೆನ್ನೆಯಿಂದ ರೆಪ್ಪೆಯವರೆಗೆ ಬೆಂದುಹೋದ ಮೇಲೆ ಮುಖದ ಮೇಲಿನ ಸೆರಗು ತೆಗೆದವಳೇ ಅಲ್ಲ. ತನ್ನ ಮದುವೆಯಲ್ಲೂ ತಲೆ ತಗ್ಗಿಸಿಯೇ ಕೂತಿದ್ದಳು. ಆಧಾರ್ ಕಾರ್ಡಿನಲ್ಲಿದ್ದುದನ್ನು ಜೆರಾಕ್ಸ್ ಅಂಗಡಿಯವನು ದೊಡ್ಡದು ಮಾಡಿ ನೋಡಿದ, ಮಸಿ ಮೆತ್ತಿದ ಹಾಗೆ ಬಂತು.

"ನಿಮ್ಗೆ ಮಾತ್ರ ಕೊಟ್ಟಿದ್ಲು. ಮನೆಗೆ ಬಂದು ಹೇಳಿದ್ದೇ ಹೇಳಿದ್ದು, ಫೋಟೋದವರು ನನ್ನ ನಿಲ್ಲಿಸ್ಕೊಂಡು ಬೇಕಾದಷ್ಟು ತೆಗೆದ್ರು ಅಂತ."

ಅದು ನಿಜ. ಆ ಸಂಜೆ ಬೈರೇಶ್ ತನ್ನ ಹಳೇ ಕ್ಯಾಮೆರಾದ ಜೊತೆಗೆ ಬೆಂಗಳೂರಿನಿಂದ ಬಾಡಿಗೆಗೆ ತಂದ ಹೊಸದೊಂದನ್ನೂ ಕುತ್ತಿಗೆಗೆ ಹಾಕಿಕೊಂಡು ಬಂದಿದ್ದ. ಕೊಳ್ಳುವ ಮುಂಚೆ, ಮಬ್ಬಿನಲ್ಲಿ ಯಾವುದು ಬೇಗ ಫೋಕಸ್ ಹಿಡಿಯುತ್ತದೆಂದು ನೋಡಬೇಕಿತ್ತು. ಹೆಣ್ಣು ಇನ್ನೂ ಸಿಂಗಾರಕ್ಕೆ ಕೂತಿದ್ದಳು. ಛತ್ರದ ಹಿಂದೆ, ಒಂಟಿ ಬಲ್ಬಿನ ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿದ್ದರು. ಅವರಲ್ಲಿ ಅಶ್ವತ್ಥಮ್ಮನನ್ನೇ ಅವನು ಕರೆದದ್ದಕ್ಕೆ ಕಾರಣವಿತ್ತು. ಈ ಮುಖದಲ್ಲಿ ಕಣ್ಣು ಹುಡುಕಿದ ಕ್ಯಾಮೆರಾ ಯಾವ ಮುಖದಲ್ಲಾದರೂ ಹುಡುಕುತ್ತದೆ ಎಂಬುದು ಅವನ ಲೆಕ್ಕ. ಅದನ್ನು ಅವಳಿಗೆ ಹೇಳಿರಲಿಲ್ಲ. ಸೆರಗು ತೆಗೀರಿ ಅಂದಾಗ ಅವಳು ಹಿಂಜರಿದಳು. ಆಮೇಲೆ, ಈ ಕತ್ತಲೆಯಲ್ಲಿ ಏನು ಕಾಣಬೇಕು ಎನ್ನುತ್ತ ತೆಗೆದಳು. ಹಳೇ ಕ್ಯಾಮೆರಾದ ಫೋಕಸ್ ಹಿಂದೆ ಮುಂದೆ ಗಿರಗಿರ ಎಳೆದಾಡಿ, ಕೊನೆಗೆ ಅವಳ ಬೆನ್ನ ಹಿಂದಿನ ಸ್ಟೀಲ್ ಕೊಳದಪ್ಪಲೆಯ ಹೊಳಪಿಗೆ ಹೋಗಿ ನಿಂತಿತು. ಹೊಸದರ ಪರದೆಯಲ್ಲಿ ಫೋಕಸ್ ತೋರಿಸುವ ಹಸಿರು ಚೌಕವೊಂದು ನೇರವಾಗಿ ಬಂದು ಆ ಬೆಂದ ರೆಪ್ಪೆಯ ಕಣ್ಣಿನ ಮೇಲೆಯೇ ಕೂತಿತು. ಅವಳು ಬಗ್ಗಿದರೆ ಬಗ್ಗಿತು, ತಿರುಗಿದರೆ ತಿರುಗಿತು.

"ಇಲ್ಲ ಯಜಮಾನ್ರೆ," ಬೈರೇಶ್ ಅಂದ. "ಅವು ಬರೀ ನೋಡೋದಕ್ಕೆ ತೆಗೆದಿದ್ದು. ನೋಡಿ ಆದ್ಮೇಲೆ ಅಳಿಸಿಬಿಟ್ಟೆ."

"ಅಳಿಸಿದ್ದು ಅಂದ್ರೆ?"

ಬೈರೇಶ್ ಸಮಾಧಾನವಾಗಿ ತಿಳಿಸಲು ನೋಡಿದ. ಕಂಪ್ಯೂಟರಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದಾಯಿತು, ಅದೇ ಮೆಮೊರಿ ಕಾರ್ಡಿನ ಮೇಲೆ ಆಮೇಲೆ ಎಷ್ಟೋ ಮದುವೆ, ನಾಮಕರಣ ಹೋದವು, ಇನ್ನು ಯಾರಿಂದಲೂ ಅದನ್ನು ತೆಗೆಯಲಾಗುವುದಿಲ್ಲ. ಮುನಿವೆಂಕಟಪ್ಪ ತಲೆಯಾಡಿಸುತ್ತ ಕೇಳಿದ. ಸ್ಲೇಟು ಒರೆಸಿ ಮೇಲೆ ಬರೆದ ಹಾಗೆ ಅಲ್ಲವಾ ಎಂದ. ಹೌದು, ಹಾಗೇ ಎಂದ ಬೈರೇಶ್. ಜಗಳವಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮುನಿವೆಂಕಟಪ್ಪ ಜಗಳವಾಡಲಿಲ್ಲ.

"ಅಷ್ಟು ಜನ ಹೆಂಗಸ್ರಲ್ಲಿ ನನ್ನನ್ನೇ ಯಾಕೆ ಕರೆದ್ರು ಅಂತ ಕೇಳ್ತಾನೇ ಇದ್ಲು. ನಾನು ತಮಾಷೆ ಮಾಡ್ದೆ, ನಿನ್ನ ಸಿನಿಮಾಕ್ಕೆ ಸೇರಿಸ್ಕೋತಾರೆ ಹೋಗೆ ಅಂತ. ಅವತ್ತಿಂದ ಮನೇಲಿ ಸೆರಗು ಹೊದಿತಿರಲಿಲ್ಲ." ಆಮೇಲೆ, "ಫೋಟೋ ಹೋಗ್ಲಿ. ನೀವು ನೋಡಿದ್ರಲ್ಲ, ಹೆಂಗಿದ್ಲು ಅದ್ರಲ್ಲಿ? ನಗ್ತಿದ್ಲಾ?" ಅಂದ.

ಬೈರೇಶ್ ಹುಡುಕಿದ. ಪರದೆಯ ತುಂಬ ದೊಡ್ಡದು ಮಾಡಿ ನೋಡಿದ ಒಂದು ಕಣ್ಣು, ರೆಪ್ಪೆಯ ಅಂಚು, ಬಿಳಿಯಲ್ಲಿದ್ದ ಕೆಂಪು ಎಳೆಗಳು, ಎಲ್ಲ ಬಿಡಿಬಿಡಿಯಾಗಿ ನೆನಪಿಗೆ ಬಂದವು. ಅದರ ಆಚೆಗೆ ಅವನು ನೋಡಿರಲಿಲ್ಲ. ಹೂಂ ಅಂದುಬಿಡೋಣ ಅನ್ನುವಷ್ಟರಲ್ಲಿ ಮುನಿವೆಂಕಟಪ್ಪ ಅವನ ಮುಖದ ಮೇಲಿಂದ ನೋಟ ತೆಗೆದಿದ್ದ.

"ಎರಡ್ರಲ್ಲಿ ಯಾವ್ದು ಒಳ್ಳೇದಾಯ್ತಂತೆ ಅಂತಾನೂ ಕೇಳ್ತಿದ್ಲು," ಅಂದ.

ಬೈರೇಶ್ ಕೌಂಟರಿನ ಮೇಲಿದ್ದ, ಆಮೇಲೆ ಕೊಂಡಿದ್ದ ಹೊಸ ಕ್ಯಾಮೆರಾವನ್ನು ತೋರಿಸಿದ. ಮುನಿವೆಂಕಟಪ್ಪ ಎರಡೂ ಕೈಯನ್ನು ಗಾಜಿನ ಮೇಲೆ ಊರಿ ಬಗ್ಗಿದ. ಬೀಗ ಹಾಕಿದ ಮನೆಯ ಕಿಟಕಿಯಲ್ಲಿ ಒಳಗೆ ಯಾರಾದರೂ ಇದ್ದಾರೋ ಎಂದು ನೋಡುವವನ ಹಾಗೆ, ಆ ಲೆನ್ಸಿಗೆ ಒಂದು ಕಣ್ಣು ಹತ್ತಿರ ಇಟ್ಟು ನೋಡುತ್ತ ನಿಂತ.